ಕೂದಲಿನ ಬಣ್ಣ ಮತ್ತು ಇಳಕಲ್ಲಿನ ನೂಲು

ಬಣ್ಣ ಹಾಕುವುದು ಸುಲಭ, ಹಾಕಿದ ಬಣ್ಣವನ್ನು ಬಿಡಿಸುವುದು ಕಷ್ಟ. ಇಳಕಲ್ಲಿನ ಬಣ್ಣಗಾರರು ಬಲ್ಲ ಈ ಸತ್ಯವನ್ನು ನಮ್ಮ ತರುಣರು ತಮ್ಮ ತಲೆಯ ವಿಷಯದಲ್ಲಿ ಮರೆಯುತ್ತಿರುವರು. ಬಾಗಲಕೋಟೆ, ಬಾದಾಮಿ, ಹುನಗುಂದಗಳ ಬೀದಿಗಳಲ್ಲಿಯೂ ಈಗ ಹೊಂಬಣ್ಣದ ಕೂದಲು ಅಪರೂಪವಲ್ಲ. ಮನೆಯವರ ಒತ್ತಾಯಕ್ಕೋ ಪರೀಕ್ಷೆಯ ಅಂಜಿಕೆಗೋ ಅದಕ್ಕೆ ಕಪ್ಪು ಹಚ್ಚಿದವರು ಕೆಲಕಾಲದ ಮೇಲೆ ಮತ್ತೆ ಹೊಂಬಣ್ಣವನ್ನು ಬಯಸುತ್ತಾರೆ. ‘ಕಿಂಚಿತ್ತೂ ಹಾನಿಯಿಲ್ಲದೆ’ ಅದನ್ನು ಮರಳಿ ತರುವೆವೆಂಬ ಭರವಸೆಯೂ ಮಾರಾಟಕ್ಕಿದೆ. ಈ ಭರವಸೆಯು ರಸಾಯನಶಾಸ್ತ್ರದ ಮುಂದೆ ನಿಲ್ಲಲಾರದೆಂಬುದೇ ನಮ್ಮ ಅಭಿಪ್ರಾಯ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಹೊರಮೈಯನ್ನು ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಒರಗಿದ ತೆಳು ಪದರಗಳು ಕಾಯುತ್ತವೆ; ಒಳಗೆ ಮೆಲನಿನ್ ಎಂಬ ವರ್ಣದ್ರವ್ಯದ ಕಣಗಳಿವೆ. ನಮ್ಮ ಕೂದಲು ಕಪ್ಪಾಗಿರುವುದು ಇವುಗಳಿಂದಲೇ. 1818ರಲ್ಲಿ ಫ್ರಾನ್ಸಿನ ಥೆನಾರ್ಡ್ ಕಂಡುಹಿಡಿದ ಹೈಡ್ರೊಜನ್ ಪೆರಾಕ್ಸೈಡು ಕ್ಷಾರದೊಡನೆ ಒಳಹೊಕ್ಕು ಮೆಲನಿನ್ನನ್ನು ಉತ್ಕರ್ಷಿಸಿ ನಾಶಮಾಡುತ್ತದೆ. ಕಪ್ಪು ಕಂದಾಗಿ, ಕಂದು ಹೊಂಬಣ್ಣವಾಗುತ್ತದೆ. ಆದರೆ ಅದು ಮೆಲನಿನ್ನಿನ ಬಳಿಯೇ ನಿಲ್ಲುವುದಿಲ್ಲ. ಕೆರಾಟಿನ್ನಿನ ಎಳೆಗಳನ್ನು ಬಿಗಿದಿರುವ ಗಂಧಕದ ಕೊಂಡಿಗಳನ್ನೂ ಕಡಿಯುತ್ತದೆ. ಕೂದಲು ಒರಟಾಗಿ ತುಂಡಾಗುವುದು ಇದರಿಂದ. ಚರ್ಮದ ಹೊರಗಿನ ಕೂದಲು ನಿರ್ಜೀವವಾದುದರಿಂದ ಗಾಯದಂತೆ ಮಾಯಲಾರದು. ಎಣ್ಣೆಯೂ ಕಂಡೀಷನರೂ ಮೇಲ್ಮೈಗೆ ನುಣುಪು ಕೊಟ್ಟಾವೇ ಹೊರತು ಹೋದುದನ್ನು ಪೂರ್ತಿಯಾಗಿ ಮರಳಿಸಲಾರವು.

ಹಾಗಾದರೆ ಮೇಲೆ ಹಚ್ಚಿದ ಕಪ್ಪನ್ನು ತೆಗೆಯುವ ಬಗೆ ಹೇಗೆ? ಇದಕ್ಕೆ ಹಳೆಯ ನೀಲಿಯ ಹಂಡೆಯನ್ನು ನೆನೆಯಬೇಕು. ನೀಲಿಯು ನೀರಿನಲ್ಲಿ ಕರಗದು. ಅಪಕರ್ಷಣ ಕ್ರಿಯೆಗೆ ಒಳಗಾದಾಗ ಅದು ತನ್ನ ನೀಲವರ್ಣವನ್ನು ಬಿಟ್ಟು ಹಳದಿ ಹಸುರಾಗಿ ಕ್ಷಾರದ ನೀರಿನಲ್ಲಿ ಕರಗುತ್ತದೆ. ನೂಲಿನ ಲಡಿಯನ್ನು ಮೇಲೆತ್ತಿದೊಡನೆ ಗಾಳಿಯ ಆಮ್ಲಜನಕವು ತಗಲಿ ನೀಲಿ ಮರಳುತ್ತದೆ. ಇಂದಿನ ಶಾಶ್ವತ ಕೇಶವರ್ಣಗಳೂ ಕೂದಲೊಳಗೆ ಉತ್ಕರ್ಷಣದಿಂದಲೇ ಹುಟ್ಟುವಂಥವು: ಸಣ್ಣ ಅಣುಗಳು ಒಳಹೊಕ್ಕು, ಕೂಡಿ ದೊಡ್ಡವಾಗಿ ಸಿಕ್ಕಿಕೊಳ್ಳುತ್ತವೆ. ಗಂಧಕಯುಕ್ತ ಅಪಕರ್ಷಕಗಳು ಅವುಗಳನ್ನು ಮತ್ತೆ ಒಡೆಯಬಲ್ಲವು. ಇವು ಮೆಲನಿನ್ನಿಗೆ ಕೈಹಚ್ಚುವುದಿಲ್ಲ. ಕೆಳಗೆ ಮೊದಲೇ ತಿಳಿಯಾಗಿದ್ದ ಬಣ್ಣವು ಬಹುಮಟ್ಟಿಗೆ ತಾನಾಗಿ ಕಾಣಿಸಿಕೊಳ್ಳುತ್ತದೆ. ಚೆನ್ನಾಗಿ ತೊಳೆಯದಿದ್ದರೆ ಮಾತ್ರ, ಹಂಡೆಯ ನೂಲಿನಂತೆ, ಕಪ್ಪು ಮತ್ತೆ ಮೂಡುವುದುಂಟು. ಬ್ಲೀಚಿಗಿಂತ ಸೌಮ್ಯವಾದ ಈ ಮಾರ್ಗವನ್ನೇ ಮೊದಲು ಹಿಡಿಯುವುದು ವಿವೇಕ.

ಇಳಕಲ್ ಸೀರೆಯು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಜೋಡಿಸುವುದು ಅಲ್ಲಿಯ ನೇಕಾರಿಕೆಯ ಹೆಚ್ಚಳ. ಹತ್ತಿಯು ಸೆಲ್ಯುಲೋಸ್, ರೇಷ್ಮೆಯು ಪ್ರೋಟೀನು. ಹತ್ತಿಯು ತಾಳುವ ತೀಕ್ಷ್ಣ ಕ್ಷಾರವನ್ನು ರೇಷ್ಮೆಯು ತಾಳದು. ಕೂದಲು ರೇಷ್ಮೆಯ ಪಂಗಡಕ್ಕೆ ಸೇರಿದುದು. ಕಾದ ಕಾಸ್ಟಿಕ್ ಸೋಡಾದಲ್ಲಿ ಅದು ಕರಗಿಯೇ ಹೋಗುತ್ತದೆ. ‘ಅಮೋನಿಯ ಇಲ್ಲ’ ಎಂಬ ಬರಹವನ್ನು ನಂಬಿ ನಿಶ್ಚಿಂತರಾಗುವವರು ಇದನ್ನು ಗಮನಿಸಬೇಕು: ಅಂಥ ಬಣ್ಣಗಳಲ್ಲಿ ಸಾಮಾನ್ಯವಾಗಿ ಅಮೋನಿಯದ ಸ್ಥಾನದಲ್ಲಿ ಬೇರೊಂದು ಕ್ಷಾರವಿರುತ್ತದೆ.

ಮದರಂಗಿ ಹಚ್ಚಿದವರ ಸಂಗತಿ ಬೇರೆ. ಅದರ ಬಣ್ಣವು ಕೆರಾಟಿನ್ನಿಗೆ ಅಂಟಿಕೊಳ್ಳುವುದರಿಂದ ಅಪಕರ್ಷಕಗಳಿಗೆ ಸುಲಭವಾಗಿ ಬಗ್ಗದು. ಲೋಹದ ಲವಣ ಬೆರೆತ ಪುಡಿಯನ್ನು ಬಳಸಿದ್ದರಂತೂ ಪೆರಾಕ್ಸೈಡು ತಗಲಿದಾಗ ಕೂದಲು ಬಿಸಿಯೇರಿ ಹಾಳಾಗಬಹುದು.

ಬಣ್ಣಗಾರನು ಇಡೀ ರಾಶಿಯನ್ನು ಅದ್ದುವ ಮೊದಲು ಒಂದು ಎಳೆಯಲ್ಲಿ ಪರೀಕ್ಷಿಸುವಂತೆ, ನಾವೂ ಕತ್ತರಿಸಿದ ಒಂದು ಸಣ್ಣ ಗೊಂಚಲಿನ ಮೇಲೆ ಪರೀಕ್ಷಿಸಿ ನೋಡಬೇಕು. ಒಂದೇ ದಿನದಲ್ಲಿ ಬಿಳಿಚಿಸದೆ ವಾರಗಳ ಅಂತರದಲ್ಲಿ ಸ್ವಲ್ಪಸ್ವಲ್ಪವಾಗಿ ತಿಳಿಗೊಳಿಸಬೇಕು. ನೆತ್ತಿಯಲ್ಲಿ ಉರಿ ಕಂಡರೆ ಕೂಡಲೇ ತೊಳೆದು ಬಿಡಬೇಕು. ಸ್ವಲ್ಪವೂ ಹಾನಿಯಾಗದ ದಾರಿಯೊಂದೇ: ಕಾಯುವುದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ.

ಹೊಂಬಣ್ಣವನ್ನು ಬಯಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಅಂದವು ಅವರವರ ಅಭಿರುಚಿಗೆ ಸೇರಿದ್ದು. ಆದರೆ ಅದರ ಬೆಲೆಯನ್ನು ಮುಚ್ಚಿಟ್ಟು ಮಾರುವುದು ತಪ್ಪು. ತಿಳಿಯದೆ ಕೊಳ್ಳುವುದು ವಿಜ್ಞಾನವನ್ನೋದುವ ವಿದ್ಯಾರ್ಥಿಗಳಿಗೆ ಶೋಭಿಸದು. ಉತ್ಕರ್ಷಣ, ಅಪಕರ್ಷಣಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವವರು ಅವು ತಮ್ಮ ತಲೆಯ ಮೇಲೂ ನಡೆಯುತ್ತಿವೆಯೆಂಬುದನ್ನು ಅರಿತರೆ ಆ ಪಾಠವು ಸಾರ್ಥಕವಾದೀತು.