ಕಿರಿಯರ ವಿಶ್ವಕಪ್‌ಗೆ ಖಾನಾಪುರದ ಕೆಮ್ಮಣ್ಣು ಸಾಲದೇ?

ಕಿರಿಯರ ಹಾಕಿ ವಿಶ್ವಕಪ್ ಆರಂಭವಾದದ್ದು 1979ರಲ್ಲಿ, ಫ್ರಾನ್ಸಿನ ವರ್ಸೈಯಲ್ಲಿ. ಇಪ್ಪತ್ತೊಂದು ವರ್ಷದೊಳಗಿನವರು ಆಡುವ ಈ ಪಂದ್ಯಾವಳಿಯನ್ನು ಭಾರತ 2001ರಲ್ಲಿ ಹೋಬಾರ್ಟ್‌ನಲ್ಲೂ 2016ರಲ್ಲಿ ಲಖನೌದಲ್ಲೂ ಗೆದ್ದಿತು. 2025ರಲ್ಲಿ ಚೆನ್ನೈ ಮತ್ತು ಮದುರೈಗಳಲ್ಲಿ ಪಂದ್ಯಾವಳಿ ನಡೆದಾಗ ಅರ್ಜೆಂಟೀನಾವನ್ನು 4–2ರಿಂದ ಸೋಲಿಸಿ ಕಂಚು ಪಡೆಯಿತು. ಆಟಗಾರನಿಂದ ನಿಯಮ ಕೇಳುವುದು ಜನ್ಮದಿನಾಂಕದ ದಾಖಲೆಯನ್ನು. ಎಲ್ಲೂ ಬರೆದಿಡದ ಇನ್ನೊಂದು ಅರ್ಹತೆಯೂ ಇದೆ: ಅವನು ಟರ್ಫಿನ, ಅಂದರೆ ಕೃತಕ ಹಾಸಿನ, ಮೇಲೆ ಆಡಿ ಬೆಳೆದಿರಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಚೋರ್ಲಾ ಘಟ್ಟದ ದಾರಿಯಲ್ಲಿರುವ ಜಾಂಬೋಟಿಯಂಥ ಊರಿನ ಹುಡುಗ ವಯಸ್ಸಿನ ಲೆಕ್ಕಕ್ಕೆ ಬರುವ ಮುಂಚೆಯೇ ಈ ಎರಡನೆಯ ಅರ್ಹತೆಯಲ್ಲಿ ಬಿದ್ದುಹೋಗುತ್ತಾನೆ.

ಈ ವಿಷಯದಲ್ಲಿ ಐಸ್ ಹಾಕಿ ಹೆಚ್ಚು ಪ್ರಾಮಾಣಿಕ ಆಟ. ಇಪ್ಪತ್ತು ವರ್ಷದೊಳಗಿನವರ ಅದರ ವಿಶ್ವ ಚಾಂಪಿಯನ್‌ಶಿಪ್ ಪ್ರತಿ ಡಿಸೆಂಬರ್ ಕೊನೆಗೆ ಶುರುವಾಗುತ್ತದೆ. ಕೆನಡಾ, ಸ್ವೀಡನ್, ಫಿನ್ಲೆಂಡ್‌ಗಳಂಥ ಚಳಿದೇಶಗಳದ್ದೇ ಅಲ್ಲಿ ದರ್ಬಾರು. ಭಾರತ 1989ರಿಂದ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯ. ಆದರೂ ಈ ಆಟ ನಮ್ಮಲ್ಲಿ ಬೇರೂರಿರುವುದು ಮುಖ್ಯವಾಗಿ ಲಡಾಖ್‌ನಲ್ಲಿ, ಚಳಿಗಾಲಕ್ಕೆ ಹೆಪ್ಪುಗಟ್ಟುವ ಕೆರೆಗಳ ಮೇಲೆ. ಜಾಂಬೋಟಿಗೆ ಐಸ್ ಹಾಕಿ ಬರಲಿಲ್ಲವೆಂದು ಯಾರೂ ದೂರುವುದಿಲ್ಲ, ಹಿಮ ಎಲ್ಲಿ ಬೀಳಬೇಕೆಂದು ಯಾವ ಸಮಿತಿಯೂ ನಿರ್ಧರಿಸಿದ್ದಲ್ಲವಲ್ಲ. ನೆಲದ ಹಾಕಿಯ ಕಥೆ ಬೇರೆ. ಅದು ಹುಲ್ಲು, ಮಣ್ಣಿನ ಮೇಲೇ ಬೆಳೆದ ಆಟ. ಆ ಮಣ್ಣನ್ನು ಹೊರಗಿಟ್ಟವರು ಮನುಷ್ಯರು, ಸಭೆ ಸೇರಿ.

1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಭಾರತ ಹಿರಿಯರ ವಿಶ್ವಕಪ್ ಎತ್ತಿದ್ದು ಹುಲ್ಲಿನ ಮೇಲೆ. ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸು ಬಂತು, ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಸೋಲಿಗೆ ಹಾಸೊಂದೇ ಕಾರಣವೆಂದರೆ ಅತಿಯಾದೀತು, ನಮ್ಮ ಆಡಳಿತಗಾರರ ಜಗಳಗಳೂ ಕಡಿಮೆಯಿರಲಿಲ್ಲ. ಆದರೆ ಟರ್ಫ್ ಹಾಕಿಸಲು ಶಕ್ತಿಯಿದ್ದ ದೇಶಗಳಿಗೆ ಅಂದು ಒಂದು ಮುನ್ನಡೆ ಸಿಕ್ಕಿತು.

ಎರಡು ನೆಲಗಳ ವ್ಯತ್ಯಾಸ ಕಾಣುವುದು ಒಂದು ಚೆಂಡನ್ನು ತಡೆಯುವಾಗ. ಟರ್ಫಿನ ಮೇಲೆ ಚೆಂಡು ಗೆರೆ ಎಳೆದಂತೆ ನೆಲಕ್ಕಂಟಿ ಬರುತ್ತದೆ. ತಡೆಯುವವನು ಮೊಣಕಾಲು ಬಗ್ಗಿಸಿ ಸ್ಟಿಕ್ಕನ್ನು ಅಡ್ಡ ಮಲಗಿಸಿದರೆ ಸಾಕು, ಕಣ್ಣು ಆಗಲೇ ಮುಂದಿನ ಪಾಸ್ ಹುಡುಕುತ್ತಿರುತ್ತದೆ. ಹಂಚು, ಇಟ್ಟಿಗೆ, ಮಡಕೆಗಳಿಗೆ ಹೆಸರಾದ ಖಾನಾಪುರದ ಕೆಮ್ಮಣ್ಣಿನಲ್ಲಿ ಅದೇ ಚೆಂಡು ಒಂದು ಹರಳಿಗೆ ತಾಗಿ ಮೊಣಕಾಲೆತ್ತರಕ್ಕೆ ಹಾರುತ್ತದೆ. ಅಲ್ಲಿ ಮಂಡಿಯೂರಿ ಸ್ಟಿಕ್ ಮಲಗಿಸಿದವನು ಹಲ್ಲಿನ ಆಸೆ ಬಿಡಬೇಕು. ಹಾಗಾಗಿ ಮಣ್ಣಿನ ಹುಡುಗ ಸ್ಟಿಕ್ ನೆಟ್ಟಗೆ ಹಿಡಿದು ಚೆಂಡನ್ನೇ ನೋಡುತ್ತ ಮೊದಲು ನಿಲ್ಲಿಸುತ್ತಾನೆ, ಆಮೇಲೆ ತಲೆ ಎತ್ತುತ್ತಾನೆ. ಆ ಒಂದು ಕ್ಷಣದ ತಡಕ್ಕೆ ಆಯ್ಕೆದಾರರು ಅವನಿಗೆ ಆಟ ಬಾರದೆಂದು ಬರೆದುಕೊಳ್ಳುತ್ತಾರೆ. ಅಡ್ಡಾದಿಡ್ಡಿ ಪುಟಿಯುವ ಚೆಂಡನ್ನು ಪಳಗಿಸಿದ ಅವನ ಮಣಿಕಟ್ಟಿಗೆ ಅವರ ಹಾಳೆಯಲ್ಲಿ ಅಂಕಣವೇ ಇಲ್ಲ.

1964ರಲ್ಲಿ ಟೋಕಿಯೊದಲ್ಲಿ ಪಾಕಿಸ್ತಾನವನ್ನು 1–0ರಿಂದ ಮಣಿಸಿ ಒಲಿಂಪಿಕ್ ಚಿನ್ನ ಗೆದ್ದ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ಟರ್ಫ್ ಎಂಬ ಮಾತೇ ಹುಟ್ಟದ ಕಾಲದ ಆಟಗಾರ ಅವರು. ಅವರ ಹೆಸರು ಹೇಳಿಕೊಂಡೇ ಬೆಳಗಾವಿಯ ಹಾಕಿಪ್ರಿಯರು ಆಸ್ಟ್ರೋಟರ್ಫ್ ಬೇಕೆಂದು ವರ್ಷಗಟ್ಟಲೆ ಕೇಳುತ್ತ ಬಂದಿದ್ದಾರೆ. ಕೋಟಿಗಟ್ಟಲೆ ರೂಪಾಯಿಯ ಹಾಸು ಹತ್ತು ವರ್ಷದ ಆಸುಪಾಸಿಗೆ ಸವೆದುಹೋಗುತ್ತದೆ, ಆ ದುಡ್ಡಿಗೆ ಎಷ್ಟೋ ಶಾಲೆಗಳ ಅಂಗಳ ಸಮತಟ್ಟಾಗುತ್ತದೆ ಎಂಬುದು ಎದುರು ವಾದ. ನೀರಿನ ತಕರಾರು ಇದಕ್ಕಿಂತ ತೂಕದ್ದು. ಹಳೆಯ ಮಾದರಿಯ ಟರ್ಫಿಗೆ ಪ್ರತಿ ಪಂದ್ಯಕ್ಕೂ ಸಾವಿರಾರು ಲೀಟರ್ ಸಿಂಪಡಿಸಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಇದೇ ಖಾನಾಪುರ ತಾಲ್ಲೂಕಿನಲ್ಲಿ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ಕುಡಿಯುವ ನೀರಿಗೆಂದು ಮಹದಾಯಿ ನ್ಯಾಯಮಂಡಳಿ 2018ರಲ್ಲಿ 3.9 ಟಿಎಂಸಿ ಹಂಚಿದ ಮೇಲೂ ಗೋವಾದೊಂದಿಗಿನ ಜಗಳ ನಿಂತಿಲ್ಲ. ಇಂಥ ಸೀಮೆಯಲ್ಲಿ ಪ್ಲಾಸ್ಟಿಕ್ ಹುಲ್ಲಿಗೆ ನೀರುಣಿಸುವುದನ್ನು ರೈತರು ಪ್ರಶ್ನಿಸಿದರೆ ಅದನ್ನು ಕ್ರೀಡಾದ್ವೇಷ ಎನ್ನಲಾಗದು.

ಎರಡು ಕಡೆಯವರೂ ಒಂದೇ ತಪ್ಪು ಮಾಡುತ್ತಿದ್ದಾರೆ: ಟರ್ಫ್ ಇಲ್ಲದಿದ್ದರೆ ಹಾಕಿಯೂ ಇಲ್ಲವೆಂದು ಒಪ್ಪಿಕೊಂಡೇ ವಾದಕ್ಕೆ ಇಳಿಯುತ್ತಾರೆ. ಕೊಡಗು ಇದನ್ನು ಸುಳ್ಳು ಮಾಡಿ ತೋರಿಸಿದೆ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬ ತಂಡಗಳು ಆಡಿದವು. ಅಷ್ಟು ತಂಡಗಳಿಗೆ ಸಾಕಾದದ್ದು ಸಾದಾ ಮೈದಾನ. ಕೊಡಗಿನಲ್ಲಿ ಟರ್ಫ್ ಉಂಟು, ಆದರೆ ಸ್ಟಿಕ್ ಹಿಡಿಯುವ ಮೊದಲ ದಿನ ಅದರ ಮೇಲೇ ಕಾಲಿಡಬೇಕೆಂದು ಅಲ್ಲಿ ಯಾರೂ ಹಟ ಹಿಡಿದಿಲ್ಲ.

ಕಿರಿಯರ ಆಟಕ್ಕೆ ಪೂರಾ ಅಂಗಣವೇ ಬೇಕಿಲ್ಲವೆಂದು ಅಂತರರಾಷ್ಟ್ರೀಯ ಹಾಕಿ ಒಕ್ಕೂಟವೇ ಒಪ್ಪಿದ್ದುಂಟು. 2014 ಮತ್ತು 2018ರ ಯುವ ಒಲಿಂಪಿಕ್ಸ್‌ಗಳಲ್ಲಿ ನಡೆದದ್ದು ಐವರ ಹಾಕಿ. ಅಂಗಣ ಚಿಕ್ಕದು, ಸುತ್ತ ಐಸ್ ಹಾಕಿಯಲ್ಲಿರುವಂತೆ ಚೆಂಡು ಪುಟಿಯುವ ಹಲಗೆ. 2018ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಭಾರತದ ಹುಡುಗರೂ ಹುಡುಗಿಯರೂ ಅದರಲ್ಲಿ ಬೆಳ್ಳಿ ಗೆದ್ದರು. ಪೂರಾ ಅಂಗಣಕ್ಕೆ ಬೇಕಾದ 91.4 ಮೀಟರ್ ಉದ್ದ, 55 ಮೀಟರ್ ಅಗಲದ ಸಮತಟ್ಟು ಜಾಗ ಘಟ್ಟದ ಊರುಗಳಲ್ಲಿ ಸಿಗುವುದು ಕಷ್ಟ. ಅದರ ಕಾಲು ಭಾಗದಷ್ಟು ಜಾಗ ಹುಡುಕಿದರೆ ಸಿಕ್ಕೀತು.

ಆದ್ದರಿಂದ ಹದಿನಾಲ್ಕು ವರ್ಷದೊಳಗಿನವರ ಆಯ್ಕೆ ಮಣ್ಣಿನ ಮೇಲೆ, ತಾಲ್ಲೂಕು ಕೇಂದ್ರದಲ್ಲಿ, ಐವರ ತಂಡಗಳಲ್ಲೇ ನಡೆಯಬೇಕು. ಆಯ್ಕೆಯಾದವರಿಗೆ ವಸತಿನಿಲಯವೂ ಜಿಲ್ಲೆಗೊಂದು ಟರ್ಫೂ ಸಿಗಬೇಕು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಹಾಸಿದಂಥ, ನೀರು ಕಡಿಮೆ ಬೇಡುವ ಹಾಸು ಈಗ ಬಂದಿದೆ, ಬೆಳಗಾವಿಗೆ ಬೇಕಾದದ್ದು ಅಂಥದ್ದು. ಕಿರಿಯರ ವಿಶ್ವಕಪ್ ನೆಪದಲ್ಲಿ ಮದುರೈಗೆ ಹೊಸ ಕ್ರೀಡಾಂಗಣ ದಕ್ಕಿತು. ಬೆಳಗಾವಿಯೂ ಒಂದು ವಿಶ್ವಕಪ್ ಬರಲೆಂದು ಕಾಯುತ್ತ ಕೂರಬೇಕಾಗಿಲ್ಲ.

ದುಡ್ಡು ಬೇಡದ ಕೆಲಸವೂ ಒಂದಿದೆ. ಶಾಲಾ ಕ್ರೀಡಾಕೂಟಗಳು ನಡೆಯುವುದು ಬಹುತೇಕ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ, ಜಾಂಬೋಟಿ ಕಡೆ ಶಾಲೆಯ ಅಂಗಳ ಕೆಸರುಗದ್ದೆಯಾಗಿರುವ ಹೊತ್ತಿನಲ್ಲಿ. ಖಾನಾಪುರದ ಪಶ್ಚಿಮ ಭಾಗದ ಆಯ್ಕೆಗಳನ್ನು ಭತ್ತದ ಕೊಯ್ಲಾದ ಮೇಲೆ, ಡಿಸೆಂಬರ್‌ನಲ್ಲಿ ಇಟ್ಟುಕೊಳ್ಳಬಹುದು. ಆಗ ಅಂಗಳ ಸಾಲದಿದ್ದರೆ ಕೂಳೆ ಸವರಿದ ಗದ್ದೆಯೂ ಉಂಟು.