ಹಾಸಿಗೆಗೆ ಹೊಲಿದ ಚೀಟಿ

ಕಳೆದ ತಿಂಗಳು ಗಿರಣಿ ಕಾರ್ಮಿಕರೊಬ್ಬರು ನಮ್ಮ ಕಚೇರಿಗೆ ಒಂದು ಹಾಸಿಗೆಯನ್ನು ಹೊತ್ತು ತಂದರು. ಮಗಳ ಬಾಣಂತನಕ್ಕೆಂದು ಕೊಂಡ ಹೊಸ ಹಾಸಿಗೆ. ಮೂರು ತಿಂಗಳಿಗೇ ಹೊಲಿಗೆ ಬಿಚ್ಚಿಕೊಂಡಿತ್ತು. ಒಳಗೆ ಹತ್ತಿಯ ಬದಲು ಬಣ್ಣಬಣ್ಣದ ಚಿಂದಿ. ಅದರ ನಡುವೆ ಯಾರದೋ ಅಂಗಿಯ ಕಾಲರಿನ ತುಂಡು, ಗುಂಡಿ ಸಮೇತ. ಅಂಗಡಿಗೆ ಹೋಗಿ ಕೇಳಿದರೆ, "ನಾನೇನು ಅದರ ಹೊಟ್ಟೆ ಬಗೆದು ನೋಡಿದ್ದೀನೇನ್ರಿ? ನನಗೆ ಬಂದದ್ದನ್ನೇ ನಿಮಗೆ ಕೊಟ್ಟಿದ್ದೀನಿ" ಎಂದರಂತೆ. ಆ ವ್ಯಾಪಾರಿ ಸುಳ್ಳು ಹೇಳಿದರೆಂದು ನಮಗೆ ತೋರುವುದಿಲ್ಲ. ಅವರೂ ಮೇಲಿನ ಬಟ್ಟೆ ನೋಡಿಯೇ ಕೊಂಡವರು.

ಹಿಂದೆ ಹತ್ತಿ ಹಿಂಜುವವರು ಬಿಲ್ಲು ಹೊತ್ತು ಮನೆಬಾಗಿಲಿಗೆ ಬರುತ್ತಿದ್ದರು. ನಮ್ಮ ಹತ್ತಿ, ನಮ್ಮ ಬಟ್ಟೆ, ನಮ್ಮ ಕಣ್ಣೆದುರಿಗೇ ಹೊಲಿಗೆ. ಒಳಗೇನಿದೆಯೆಂದು ಯಾರೂ ಬರೆದು ಕೊಡಬೇಕಾಗಿರಲಿಲ್ಲ. ಕಾರ್ಖಾನೆಯ ಹಾಸಿಗೆಯಾದರೋ ಬಾಯಿ ಹೊಲಿಸಿಕೊಂಡೇ ಅಂಗಡಿಗೆ ಬರುತ್ತದೆ. ಈ ತೊಡಕನ್ನು ಅಮೆರಿಕದ ಜನ ನೂರು ವರ್ಷಗಳ ಹಿಂದೆಯೇ ಕಂಡವರು.

ಆ ದೇಶದಲ್ಲಿ ಹಾಸಿಗೆ ದಿಂಬುಗಳ ಅಂಚಿಗೆ ಒಂದು ಚೀಟಿ ಹೊಲಿದಿರುತ್ತದೆ. ಒಳಗೆ ತುಂಬಿದ್ದು ಏನು, ಹೊಸದೋ ಹಳೆಯದೋ ಎಂದು ಅದರಲ್ಲಿ ಬರೆದಿರಬೇಕು. 20ನೇ ಶತಮಾನದ ಮೊದಲ ದಶಕಗಳಲ್ಲಿ ಒಂದೊಂದೇ ರಾಜ್ಯ ಇದನ್ನು ಕಾಯಿದೆಯಾಗಿ ಮಾಡಿತು. ಕೊಳಕು ಚಿಂದಿ, ಹಳೆಯ ಹಾಸಿಗೆಯಿಂದ ಕಿತ್ತ ತುಂಬುವಸ್ತು, ಇವನ್ನೆಲ್ಲ ಹೊಸ ಬಟ್ಟೆಯಲ್ಲಿ ಮುಚ್ಚಿ ಹೊಸದೆಂದೇ ಮಾರುವ ದಂಧೆ ಬೆಳೆದಿತ್ತು. ರೋಗ, ತಿಗಣೆ, ಹೇನುಗಳೂ ಜೊತೆಗೇ ಬರುತ್ತಿದ್ದವು. ಚೀಟಿ ಬಂದಮೇಲೆ ಮಾರುವವರು ಅದನ್ನು ಕಿತ್ತುಹಾಕಬಾರದಲ್ಲ! ಅದಕ್ಕಾಗಿ ಚೀಟಿಯ ಮೇಲೆಯೇ ಎಚ್ಚರಿಕೆ ಬಂದಿತು: ಈ ಚೀಟಿಯನ್ನು ತೆಗೆದರೆ ಕಾನೂನಿನ ಪ್ರಕಾರ ದಂಡನೆ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ವಾಕ್ಯದಲ್ಲಿ ಕರ್ತೃ ಎಲ್ಲಿ ಎಂದು ಮಕ್ಕಳನ್ನು ಕೇಳುತ್ತಿದ್ದೆವು. ಈ ವಾಕ್ಯದಲ್ಲಿ ಕರ್ತೃವೇ ಇಲ್ಲ. ಯಾರು ತೆಗೆದರೆ ದಂಡನೆ? ಹೆದರಬೇಕಾದವನು ಮಾರುವವನು, ಹೆದರಿದವರು ಮಾತ್ರ ಕಾಸು ಕೊಟ್ಟು ಕೊಂಡ ಬಡಪಾಯಿಗಳು. ಸ್ವಂತ ಹಾಸಿಗೆಯ ಚೀಟಿ ಕಿತ್ತರೆ ಪೋಲೀಸರು ಬರುತ್ತಾರೆಂಬುದು ಅಲ್ಲಿ ಹಳೆಯ ನಗೆಹನಿಯಾಗಿಬಿಟ್ಟಿದೆ. ಮುಂದೆ "ಬಳಕೆದಾರನ ಹೊರತು" ಎಂಬ ಮಾತನ್ನು ಸೇರಿಸಿದರು. ಜನರನ್ನು ಕಾಯಲು ಹುಟ್ಟಿದ ಕಾಯಿದೆ ಜನರಿಗೆ ತಿಳಿಯುವ ಮಾತಿನಲ್ಲಿ ಇರದಿದ್ದರೆ ಹೀಗೆಯೇ ಆಗುವುದು.

ಕಾರ್ಖಾನೆದಾರರು ಸುಮ್ಮನಿದ್ದರೆ? ಇಲ್ಲ. 1923ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯವು ಹಾಸಿಗೆ, ದಿಂಬು, ರಜಾಯಿಗಳಲ್ಲಿ ಷಾಡಿಯನ್ನು, ಅಂದರೆ ಒಮ್ಮೆ ನೂತು ನೇಯ್ದ ಬಟ್ಟೆಯನ್ನು ಹರಿದು ಪುಡಿಮಾಡಿದ ಚಿಂದಿಯನ್ನು, ತುಂಬಲೇಕೂಡದೆಂದಿತು. ಕನೆಕ್ಟಿಕಟ್ಟಿನ ಒಂದು ರಜಾಯಿ ಕಂಪನಿ ಇದರ ವಿರುದ್ಧ ಹೋರಾಡಿ ದೇಶದ ಸುಪ್ರೀಂ ಕೋರ್ಟಿನಲ್ಲಿ 1926ರಲ್ಲಿ ಗೆದ್ದಿತು. ಕ್ರಿಮಿಶುದ್ಧಿ ಮಾಡಿದರೆ ಅಪಾಯವಿಲ್ಲ, ಬೇರೆ ಹಳೆಯ ವಸ್ತುಗಳನ್ನು ಶುದ್ಧಿಮಾಡಿ ಬಳಸಲು ಬಿಟ್ಟು ಇದೊಂದನ್ನೇ ನಿಷೇಧಿಸುವುದು ಸಲ್ಲದು, ಮೋಸ ತಡೆಯಲು ತಪಾಸಣೆ ಮತ್ತು ಚೀಟಿಯಂಥ ಕಟ್ಟಳೆಗಳು ಸಾಕು ಎಂಬುದು ಬಹುಮತದ ತೀರ್ಪು. ನ್ಯಾಯಮೂರ್ತಿ ಹೋಮ್ಸ್ ಒಪ್ಪಲಿಲ್ಲ. ಬ್ರಾಂಡೈಸ್ ಮತ್ತು ಸ್ಟೋನ್ ಅವರ ಜೊತೆ ನಿಂತರು. ರಜಾಯಿಯೊಳಗೆ ಹೊಲಿದ ಮೇಲೆ ಶುದ್ಧ ಚಿಂದಿ ಯಾವುದು, ರೋಗದ ಚಿಂದಿ ಯಾವುದು ಎಂದು ಗುರುತಿಸಲಾಗದು. ಚೀಟಿ ಸಾಲದೆಂದು ಶಾಸನಸಭೆಗೆ ತೋರಿದರೆ ಪೂರ್ತಿ ನಿಷೇಧಿಸುವ ಅಧಿಕಾರ ಅದಕ್ಕಿದೆ ಎಂಬುದು ಅವರ ವಾದ.

ನಮ್ಮ ಮನಸ್ಸು ಹೋಮ್ಸರ ಕಡೆಗಿದೆ. ಜನರು ಆರಿಸಿದ ಸಭೆ ಜನರ ಆರೋಗ್ಯಕ್ಕೆಂದು ಮಾಡಿದ್ದನ್ನು ಕಂಪನಿಯ ಮಾತಿಗೆ ಅಳಿಸಿಹಾಕುವುದು ನಮಗೆ ಒಪ್ಪಿಗೆಯಿಲ್ಲ. ಆದರೂ ಚಿಂದಿಯನ್ನೇ ಅಪರಾಧಿಯೆನ್ನಲಾರೆವು. ನಮ್ಮ ಅಜ್ಜಿಯಂದಿರ ಕೌದಿ ಹಳೆಯ ಸೀರೆಗಳದಲ್ಲದೆ ಮತ್ತೇನು? ಅದು ಯಾರ ಸೀರೆ, ಎಷ್ಟು ಸಲ ಒಗೆದದ್ದು ಎಂಬುದು ಮನೆಮಂದಿಗೆಲ್ಲ ಗೊತ್ತು. ಬಡವನಿಗೆ ಅಗ್ಗದ ಹಾಸಿಗೆ ಬೇಕೇ ಬೇಕು. ಚಿಂದಿಯದಾದರೆ ಶುದ್ಧಿಮಾಡಿ, ಚಿಂದಿಯೆಂದೇ ಬರೆದು, ಚಿಂದಿಯ ಬೆಲೆಗೇ ಮಾರಲಿ. ಹತ್ತಿಯ ಬೆಲೆ ಕಸಿದು ಚಿಂದಿ ಕೊಡುವುದಕ್ಕೆ ನಾವು ಕಳ್ಳತನವೆನ್ನುತ್ತೇವೆ.

ಚೀಟಿಯೆಂದರೆ ತಮಗೆ ಮತ್ತೊಂದು ಕಿರುಕುಳವೆಂದು ಸಣ್ಣ ವ್ಯಾಪಾರಿ ಬಂಧುಗಳು ಭಾವಿಸುವುದುಂಟು. ಲೆಕ್ಕ ಹಾಕಿ ನೋಡಲಿ. ಹೊಸ ಹತ್ತಿ ತುಂಬಿಸಿ ಮಾರುವವರು ಪಕ್ಕದ ಚಿಂದಿಯವನ ಬೆಲೆಗೆ ಹೇಗೆ ಮಾರಿಯಾರು? ಒಳಗಿರುವುದು ಕಾಣದಿದ್ದಾಗ ಸೋಲುವವರು ಪ್ರಾಮಾಣಿಕರೇ. ಅಮೆರಿಕದ ಹಲವು ರಾಜ್ಯಗಳಲ್ಲಿ ಚೀಟಿಯ ಮೇಲೆ ತಯಾರಕನ ನೋಂದಣಿ ಸಂಖ್ಯೆಯೂ ಇರುತ್ತದೆ. ದೂರು ಬಂದರೆ ಅದು ಅಂಗಡಿಯನ್ನು ದಾಟಿ ನೇರವಾಗಿ ಕಾರ್ಖಾನೆಯ ಬಾಗಿಲಿಗೆ ಹೋಗಬಹುದು.

ನಮ್ಮ ದೇಶದ 2011ರ ಪೊಟ್ಟಣ ಸರಕುಗಳ ನಿಯಮಗಳು ತಯಾರಕನ ಹೆಸರು, ವಿಳಾಸ, ಬೆಲೆಗಳನ್ನು ಪೊಟ್ಟಣದ ಮೇಲೆ ಕಾಣಿಸಬೇಕೆನ್ನುತ್ತವೆ. ನಮ್ಮ ಕಚೇರಿಗೆ ಬಂದ ಹಾಸಿಗೆಯ ಮೇಲೆ ಅಷ್ಟೂ ಇರಲಿಲ್ಲ. ಇದ್ದಿದ್ದರೂ ಕಾಲರಿನ ತುಂಡಿನ ಸುದ್ದಿಯನ್ನು ಬೆಲೆಚೀಟಿ ಹೇಳುತ್ತಿರಲಿಲ್ಲವೆನ್ನಿ.

ಆ ಕಾರ್ಮಿಕರನ್ನು ಕರೆದುಕೊಂಡು ನಾವು ಅಂಗಡಿಗೆ ಹೋದೆವು. ಮಾತು ಮೊದಲು ಬಿಸಿಯಾಯಿತು, ಆಮೇಲೆ ಚಹಾ ಬಂತು. ಅರ್ಧ ಹಣ ಹಿಂದಕ್ಕೆ ಬಂದಿದೆ. ಒಳಗೆ ಏನು ತುಂಬಿದ್ದೀರೆಂದು ಇನ್ನು ಮುಂದೆ ಬಿಲ್ಲಿನಲ್ಲೇ ಬರೆದು ಕೊಡಬೇಕೆಂದು ವ್ಯಾಪಾರಿ ತಮಗೆ ಸರಕು ಕಳಿಸುವ ಸಗಟಿನವರಿಗೆ ಕಾಗದ ಹಾಕಿದ್ದಾರೆ. ಮೂರು ವಾರವಾಯಿತು, ಉತ್ತರವಿಲ್ಲ.