ನಿಮ್ಹಾನ್ಸ್ ಬೈಗುಳವಲ್ಲ

ವಾದ ಸೋಲುವ ಹೊತ್ತಿಗೆ ನಮ್ಮ ರಾಜಕಾರಣಿಗಳಿಗೆ ನೆನಪಾಗುವ ವಿಳಾಸ ಒಂದೇ: ‘ಅವರಿಗೆ ತಲೆ ಕೆಟ್ಟಿದೆ, ನಿಮ್ಹಾನ್ಸ್‌ಗೆ ಸೇರಿಸಿ.’ ಈ ಮಾತಿಗೆ ಪಕ್ಷಭೇದವಿಲ್ಲ. ಚುನಾವಣೆ ಬಂತೆಂದರೆ ಬರವೂ ಇಲ್ಲ. ರೋಗಿಗಳಿಗೆ ಅವಮಾನವಾಯಿತೆಂದು ಆಗೀಗ ಯಾರಾದರೂ ಆಕ್ಷೇಪಿಸುತ್ತಾರೆ. ಅಲ್ಲಿ ಹಗಲು ರಾತ್ರಿ ದುಡಿಯುವ ವೈದ್ಯರು, ನರ್ಸ್‌ಗಳು, ಆಪ್ತಸಮಾಲೋಚಕರ ಮಾತೆತ್ತುವವರು ಕಡಿಮೆ.

ಆ ಬೈಗುಳದ ಕೆಸರು ಇವರಿಗೂ ಸಿಡಿಯುತ್ತದೆ. ‘ಹುಚ್ಚರ ಡಾಕ್ಟ್ರು’ ಎಂಬುದು ನಮಗೆ ಸಲೀಸು. ‘ಅಂಥವರ ಜತೆ ಇದ್ದೂ ಇದ್ದೂ ಇವರೂ ಸ್ವಲ್ಪ ಲೂಸು’ ಎಂಬುದು ಅದರ ಬೆನ್ನಿಗೇ ಬರುವ ಕುಹಕ. ‘ಹುಡುಗ ಡಾಕ್ಟರ್’ ಎಂದಾಗ ಅರಳಿದ ಹೆಣ್ಣಿನ ಕಡೆಯವರ ಮುಖ ‘ಸೈಕಿಯಾಟ್ರಿ’ ಎಂದ ಕೂಡಲೇ ಚಿಕ್ಕದಾಗುತ್ತದೆ. ಪೇಟೆಯ ಕ್ಲಿನಿಕ್ಕುಗಳ ಬೋರ್ಡು ನೋಡಿ: ‘ನರ ಮತ್ತು ಮಾನಸಿಕ ರೋಗ ತಜ್ಞರು’. ಮೊದಲು ನರ, ಆಮೇಲೆ ಮನಸ್ಸು. ಬಾಗಿಲು ತಳ್ಳಿ ಒಳಗೆ ಹೋಗುವ ರೋಗಿಗೂ ಒಳಗೆ ಕೂತ ವೈದ್ಯರಿಗೂ ಆ ‘ನರ’ವೇ ಮರೆ.

ವೈದ್ಯಲೋಕವೂ ಸಾಚಾ ಅಲ್ಲ. ಎಂಬಿಬಿಎಸ್‌ನಲ್ಲಿ ಮನೋವೈದ್ಯಕೀಯಕ್ಕೆ ಸಿಗುವುದು ಕೆಲವೇ ವಾರಗಳ ಪೋಸ್ಟಿಂಗ್. ಪ್ರತ್ಯೇಕ ಅಂತಿಮ ಪರೀಕ್ಷೆಯೂ ಇಲ್ಲ. ಪರೀಕ್ಷೆಯಿಲ್ಲದ ವಿಷಯಕ್ಕೆ ಹಾಸ್ಟೆಲಿನಲ್ಲಿ ಎಷ್ಟು ಬೆಲೆಯೆಂದು ಹೇಳಬೇಕಿಲ್ಲ. ‘ಒಳ್ಳೇ ರ‍್ಯಾಂಕ್ ಬಂದಿದೆ, ಮೆಡಿಸಿನ್ ಬಿಟ್ಟು ಇದ್ಯಾಕೆ?’ ಎಂದು ಕೇಳುವವರು ಸಹಪಾಠಿಗಳೇ.

‘ತಮಾಷೆಗೆ ಅಂದದ್ದು, ಇಷ್ಟು ದೊಡ್ಡದು ಮಾಡಬೇಕೇ?’ ಎನ್ನುವವರಿದ್ದಾರೆ. ಮಾಡಲೇಬೇಕು. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇ 70ರಿಂದ 92. ತಜ್ಞರ ಕೊರತೆ ಇದಕ್ಕೊಂದು ಕಾರಣವಾದರೆ, ಇರುವ ತಜ್ಞರ ಬಳಿಗೂ ಹೋಗಲು ಜನ ನಾಚುವುದು ಇನ್ನೊಂದು. ತಮಾಷೆ ಎರಡನ್ನೂ ಬೆಳೆಸುತ್ತದೆ.

ಈ ವೃತ್ತಿಯ ಚರಿತ್ರೆ ನಿಷ್ಕಳಂಕವೆಂದು ನಾನು ವಾದಿಸುತ್ತಿಲ್ಲ. ಅರಿವಳಿಕೆಯಿಲ್ಲದೆ ವಿದ್ಯುತ್ ಕಂಪನ ಚಿಕಿತ್ಸೆ ಕೊಡುವುದನ್ನು ತಡೆಯಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಬರಬೇಕಾಯಿತು. ಅರ್ಹತೆಯಿಲ್ಲದೆ ‘ಕೌನ್ಸೆಲರ್’ ಬೋರ್ಡು ಹಾಕಿಕೊಂಡವರೂ ಇದ್ದಾರೆ. ಅವರನ್ನು ಪ್ರಶ್ನಿಸಿ, ದೂರು ಕೊಡಿ. ‘ಹುಚ್ಚರ ಡಾಕ್ಟ್ರು’ ಎಂದು ನಗುವುದರಿಂದ ಇವರಲ್ಲಿ ಒಬ್ಬರೂ ತಿದ್ದಿಕೊಳ್ಳುವುದಿಲ್ಲ.

ಮೈಸೂರಿನಲ್ಲಿ ನಿಮ್ಹಾನ್ಸ್ ಮಾದರಿಯ ಆಸ್ಪತ್ರೆ ಕಟ್ಟುತ್ತೇವೆಂದು ಘೋಷಿಸುವುದೂ ಇದೇ ರಾಜಕಾರಣವೇ. ಬಜೆಟ್ಟಿನಲ್ಲಿ ಹೆಮ್ಮೆಯಾದ ಹೆಸರು ಭಾಷಣದಲ್ಲಿ ಬೈಗುಳವಾಗುವುದು ಹೇಗೆ? ಕಟ್ಟಡ ಕಟ್ಟಲು ಗುತ್ತಿಗೆದಾರರು ಸಿಗುತ್ತಾರೆ. ಒಳಗೆ ದುಡಿಯುವವರನ್ನು ಟೆಂಡರ್ ಕರೆದು ತರಲಾಗದು. ಎಂಬಿಬಿಎಸ್‌ನಲ್ಲಿ ಮನೋವೈದ್ಯಕೀಯಕ್ಕೆ ಪ್ರತ್ಯೇಕ ಪರೀಕ್ಷೆ ಬರಲಿ. ಪಕ್ಷಗಳು ತಮ್ಮ ವಕ್ತಾರರ ಬಾಯಿಗೆ ಬೀಗ ಹಾಕಲಿ. ಸದನದೊಳಗೆ ಈ ಬೈಗುಳ ಕೇಳಿಬಂದರೆ ಸಭಾಧ್ಯಕ್ಷರು ಅದನ್ನು ಕಡತದಿಂದ ತೆಗೆಸಲಿ. ಇದಕ್ಕೆ ಒಂದು ರೂಪಾಯಿ ಅನುದಾನವೂ ಬೇಕಿಲ್ಲ.